ಪೋಡಿ ಆಗದ ಜಮೀನಿನಲ್ಲಿ 1 ಎಕರೆ 10 ಗುಂಟೆ ಕೊಳ್ಳುವ ಮುಂಚೆ ಸರ್ವೆ ದಾಖಲೆಗಳಲ್ಲಿ ಏನೇನು ನೋಡಬೇಕು?

ಹೊಸಹೊಲ (ಪ್ರಶ್ನೆ)

ಹಳೇ ಮೈಸೂರು ಭಾಗದ ಒಂದು ಹಳ್ಳಿಯಲ್ಲಿ ಕೃಷಿ ಜಮೀನು ಮಾತುಕತೆಯಲ್ಲಿದೆ. ಸರ್ವೆ ನಂಬರ್ 47/2. ಪಹಣಿಯ ಕಾಲಂ 3ರಲ್ಲಿ ಒಟ್ಟು ವಿಸ್ತೀರ್ಣ 3 ಎಕರೆ 26 ಗುಂಟೆ, ಬಿ ಖರಾಬು 6 ಗುಂಟೆ, ಉಳಿದದ್ದು 3 ಎಕರೆ 20 ಗುಂಟೆ ಎಂದಿದೆ. ಕಾಲಂ 9ರಲ್ಲಿ ಮೂವರು ಅಣ್ಣತಮ್ಮಂದಿರ ಹೆಸರು, ಅವರವರ ಮುಂದೆ 1-10, 1-10, 1-00 (ಎಕರೆ-ಗುಂಟೆ). ಮಾರುತ್ತಿರುವುದು ಎರಡನೆಯವರು. ಪೋಡಿ ಆಗಿಲ್ಲ, ಅಂದರೆ ಮೂವರ ಪಾಲಿಗೆ ಬೇರೆ ಬೇರೆ ನಂಬರ್, ನಕ್ಷೆ ಆಗಿಲ್ಲ. ಮೂವರೂ ತಮ್ಮ ತಮ್ಮಲ್ಲೇ ಬದು ಹಾಕಿಕೊಂಡು ಉಳುಮೆ ಮಾಡುತ್ತಿದ್ದಾರೆ, ಎರಡನೆಯವರ ಭಾಗಕ್ಕೆ ಸುತ್ತಲೂ ತಂತಿ ಬೇಲಿ ಇದೆ.

ಮೊಬೈಲ್ ಆ್ಯಪ್ ಹಿಡಿದು ಬೇಲಿಗುಂಟ ನಡೆದರೆ 1 ಎಕರೆ 16 ಗುಂಟೆ ತೋರಿಸುತ್ತದೆ. "ಸ್ಥಳದಲ್ಲಿ ಜಾಸ್ತಿಯೇ ಇದೆ, 1-16ಕ್ಕೆ ಲೆಕ್ಕ ಹಾಕಿ ದುಡ್ಡು ಕೊಡಿ" ಎಂಬುದು ಮಾರುವವರ ಮಾತು. ದಿಶಾಂಕ್ ಆ್ಯಪ್‌ನಲ್ಲಿ ಬೇಲಿಯ ಒಳಗೆ ನಿಂತರೆ 47 ಎಂದೇ ಬರುತ್ತದೆ.

ಗೊತ್ತಾಗಬೇಕಾದ್ದು ಇಷ್ಟು. ಆ ಹೆಚ್ಚುವರಿ 6 ಗುಂಟೆ ಎಲ್ಲಿಂದ ಬಂದಿರಬಹುದು? ಪಹಣಿ ಬಿಟ್ಟು ಬೇರೆ ಯಾವ ದಾಖಲೆ ತೆಗೆಸಬೇಕು, ಅವನ್ನು ಓದುವುದು ಹೇಗೆ? ಖಾಸಗಿ ಸರ್ವೆಯರ್ ಕೈಲಿ ಯಂತ್ರ ಇಟ್ಟು ಅಳೆಸಿದ ನಕ್ಷೆ ಸಾಕೇ? ಹದ್ದುಬಸ್ತು, ಪೋಡಿ, 11ಇ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಇದರಲ್ಲಿ ನಮಗೆ ಬೇಕಾದ್ದು ಯಾವುದು?

ಬಾಂದುಕಲ್ಲು

ಮೊದಲು ಆ 6 ಗುಂಟೆಯ ವಿಷಯ. ಪಹಣಿಯಲ್ಲಿರುವ ಬಿ ಖರಾಬೂ ಸರಿಯಾಗಿ 6 ಗುಂಟೆ ಎನ್ನುವುದನ್ನು ಗಮನಿಸಿ. ಕಾಕತಾಳೀಯ ಇರಬಹುದು, ಆದರೆ ಮೊದಲ ಅನುಮಾನ ಅಲ್ಲಿಗೇ ಹೋಗಬೇಕು. ಬಿ ಖರಾಬು ಎಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ: ಹಳ್ಳ, ಬಂಡಿದಾರಿ, ಕಾಲುದಾರಿ, ಕೆರೆಯಂಗಳ, ಸ್ಮಶಾನ ಇಂಥವು. ಅದು ನಿಮ್ಮ ಸರ್ವೆ ನಂಬರಿನ ಗಡಿಯೊಳಗೇ ಇರುತ್ತದೆ, ಆದರೆ ಖಾತೆದಾರನದ್ದಲ್ಲ, ಅವನು ಮಾರುವಂತಿಲ್ಲ. ಎ ಖರಾಬು ಬೇರೆ. ಬಂಡೆ, ಕಣ, ಹೊಲದ ಮನೆ ಇರುವ ಜಾಗದಂಥದ್ದು; ಸಾಗುವಳಿಗೆ ಬಾರದು ಎಂದು ಕಂದಾಯ ಹಾಕಿರುವುದಿಲ್ಲ ಅಷ್ಟೇ, ಅದು ಹಿಡುವಳಿಯ ಜೊತೆಗೇ ಸಾಗುತ್ತದೆ. "ಖರಾಬು ಸೇರಿ ಇಷ್ಟು" ಎಂದು ಯಾರಾದರೂ ದರ ಹೇಳಿದರೆ ಎ ನೋ ಬಿ ನೋ ಎಂದು ಅಲ್ಲೇ ಕೇಳಿ. ಈ ಎರಡರ ವ್ಯತ್ಯಾಸ ಕರ್ನಾಟಕ ಭೂಕಂದಾಯ ನಿಯಮಗಳು, 1966ರ 21(2)ನೇ ನಿಯಮದಲ್ಲಿದೆ.

ಬಿ ಖರಾಬು ಎಷ್ಟಿದೆ ಎಂದು ಪಹಣಿ ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ಅದಕ್ಕೆ ಗ್ರಾಮ ನಕ್ಷೆ ಮತ್ತು ಟಿಪ್ಪಣಿ (ಸರ್ವೆಯರ್ ಅಳತೆಗಳನ್ನು ಬರೆದ ಚಿತ್ರ) ನೋಡಬೇಕು. ಗ್ರಾಮ ನಕ್ಷೆಯಲ್ಲಿ ಒಂಟಿ ಚುಕ್ಕೆಗೆರೆ ಕಾಲುದಾರಿ, ಜೋಡಿ ಚುಕ್ಕೆಗೆರೆ ಬಂಡಿದಾರಿ. 47ರೊಳಗೆ ಅಂಥ ಗೆರೆಯೋ ಹಳ್ಳವೋ ಹಾದುಹೋಗಿದ್ದು, ಸ್ಥಳದಲ್ಲಿ ಬೇಲಿ ಅದನ್ನೂ ಸೇರಿಸಿಕೊಂಡಿದ್ದರೆ ನೀವು ದುಡ್ಡು ಕೊಟ್ಟು ಒತ್ತುವರಿಯನ್ನು ಕೊಂಡಂತೆ.

ಎರಡನೆಯ ಸಾಧ್ಯತೆ, ಬೇಲಿ ಅಣ್ಣನ ಅಥವಾ ತಮ್ಮನ ಪಾಲಿಗೆ ಚಾಚಿರುವುದು. ಇದನ್ನು ಪತ್ತೆ ಮಾಡಲು ಒಬ್ಬರ ಭಾಗ ಅಳೆದರೆ ಸಾಲದು, 47/2 ಪೂರ್ತಿ ಅಳೆಯಬೇಕು. ಹೊರಗಡಿ 3-26ಕ್ಕೆ ಸರಿಹೊಂದಿ, ಒಳಗೆ ಒಬ್ಬರಿಗೆ 1-16 ಸಿಕ್ಕಿದ್ದರೆ ಇನ್ನೊಬ್ಬರಿಗೆ ಅಷ್ಟು ಕಡಿಮೆ ಆಗಿರಲೇಬೇಕು, ಇಲ್ಲವೇ ಖರಾಬು ಮಾಯವಾಗಿರಬೇಕು. ಹೊರಗಡಿಯೇ ದೊಡ್ಡದಾಗಿದ್ದರೆ ಪಕ್ಕದ ಸರ್ವೆ ನಂಬರಿನ ನೆಲ ಒಳಗೆ ಬಂದಿದೆ.

ಮೂರನೆಯದು ಮೊಬೈಲಿನ ತಪ್ಪು. 1-16 ಎಂದರೆ 56 ಗುಂಟೆ, ಚೌಕಾಕಾರ ಎಂದುಕೊಂಡರೆ ಒಂದು ಬದಿ ಸುಮಾರು 75 ಮೀಟರ್. ಆ್ಯಪ್ ಒಂದೇ ಒಂದು ಬದಿಯನ್ನು 3 ಮೀಟರ್ ಆಚೆ ಹಾಕಿದರೂ 225 ಚದರ ಮೀಟರ್ ಹೆಚ್ಚು ಬರುತ್ತದೆ, ಅಂದರೆ 2 ಗುಂಟೆಗೂ ಮೀರಿ. ಮರದ ನೆರಳಿನಲ್ಲಿ ನಡೆದರೆ 3 ಮೀಟರ್ ತಪ್ಪು ದೊಡ್ಡದೇನಲ್ಲ. ಹಾಗಾಗಿ ಆ್ಯಪ್ ಅಂಕಿಯ ಮೇಲೆ ದರ ಮಾತಾಡಲೇಬೇಡಿ.

ದಿಶಾಂಕ್ ಕೂಡ ಅಷ್ಟೇ. ನಿಂತ ಜಾಗ ಯಾವ ಸರ್ವೆ ನಂಬರ್, ಸುತ್ತ ಯಾವ ನಂಬರ್‌ಗಳಿವೆ, ಹತ್ತಿರ ಕೆರೆ, ಹಳ್ಳ, ಗೋಮಾಳ ಇದೆಯೇ ಎಂದು ತಿಳಿಯಲು ಬಹಳ ಒಳ್ಳೆಯದು. ಗಡಿ ಗುರುತಿಸಲು ಅಲ್ಲ. ಅದರ ಗೆರೆಗಳು ಬಂದಿರುವುದು ಗ್ರಾಮ ನಕ್ಷೆಗಳಿಂದ. ಹಳೆಯ ಗ್ರಾಮ ನಕ್ಷೆಗಳು ಹೆಚ್ಚಾಗಿ 1:7920 ಅಳತೆಯವು, ಮೈಲಿಗೆ 8 ಇಂಚು. ಕಾಗದದ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ 7.92 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಶಾಯಿಗೆರೆಯೇ 13 ಅಡಿ ಅಗಲ ಆಗುತ್ತದೆ. ಅದನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಇನ್ನಷ್ಟು ಜರುಗುತ್ತದೆ.

ಇನ್ನು ದಾಖಲೆಗಳು. ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಗೆ, ಅಂದರೆ ಸರ್ವೆ ಆಫೀಸಿಗೆ ಅರ್ಜಿ ಕೊಟ್ಟು ದೃಢೀಕೃತ ನಕಲು ತೆಗೆಸಿ: 47ರ ಮೂಲ ಟಿಪ್ಪಣಿ, 47/2ರ ಹಿಸ್ಸಾ (ಒಡೆದ ಭಾಗದ) ಟಿಪ್ಪಣಿ, ಆಕಾರ್‌ಬಂದ್ (ಪ್ರತಿ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯ ಬರೆದ ಸರ್ವೆ ಪಟ್ಟಿ), ಗ್ರಾಮ ನಕ್ಷೆ. ಕಾಲಂ 10ರಲ್ಲಿ ಬರೆದಿರುವ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಹಕ್ಕು ಬದಲಾವಣೆಯ ದಾಖಲೆ) ನಂಬರ್ ಹಿಡಿದು ತಾಲ್ಲೂಕು ಕಚೇರಿಯಿಂದ ಮ್ಯುಟೇಶನ್ ಪ್ರತಿ. ಮೂವರಿಗೆ 1-10, 1-10, 1-00 ಎಂದು ಹಂಚಿದ್ದು ಯಾವುದರ ಮೇಲೆ, ನೋಂದಾಯಿತ ವಿಭಾಗ ಪತ್ರವೋ ಪೌತಿ ಖಾತೆಯೋ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬಂದದ್ದು) ಎಂದು ಅಲ್ಲಿ ಗೊತ್ತಾಗುತ್ತದೆ.

ಆಕಾರ್‌ಬಂದನ್ನು ಪಹಣಿಯ ಕಾಲಂ 3ರ ಪಕ್ಕ ಇಟ್ಟು ನೋಡಿ. ಒಟ್ಟು, ಖರಾಬು, ಉಳಿದದ್ದು, ಕಂದಾಯ ನಾಲ್ಕೂ ತಾಳೆಯಾಗಬೇಕು. ವ್ಯತ್ಯಾಸ ಬಂದರೆ ಪಹಣಿಯನ್ನಲ್ಲ, ಆಕಾರ್‌ಬಂದನ್ನು ಆಧಾರವಾಗಿ ಹಿಡಿದು ವಿಚಾರಿಸಿ. ಕೈಬರಹದ ಪಹಣಿ ಕಂಪ್ಯೂಟರಿಗೆ ಏರುವಾಗ ಖರಾಬು ಬಿಟ್ಟುಹೋಗಿರುವುದು, ರಸ್ತೆಗೆ ಭೂಸ್ವಾಧೀನ ಆದಮೇಲೆ ಒಂದು ಕಡೆ ಕಡಿತ ಆಗಿ ಇನ್ನೊಂದು ಕಡೆ ಆಗದಿರುವುದು, ಇವು ಮಾಮೂಲಿ ಕಾರಣಗಳು. ತಾಳೆಯಾಗದ ನಂಬರಿಗೆ ಮುಂದೆ 11ಇ (ಭಾಗ ಮಾರುವ ಮುಂಚಿನ ನಕ್ಷೆ), ಪೋಡಿ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ. ತಿದ್ದುಪಡಿ ಮಾಡಿಸಬೇಕಾದದ್ದು ಮಾರುವವರ ಕೆಲಸ, ಅದೂ ಮುಂಗಡಕ್ಕೆ ಮುಂಚೆ.

ಸರಪಳಿ ಆಣೆ

ಟಿಪ್ಪಣಿ ತಂದು ಮಡಿಸಿಡುವವರೇ ಹೆಚ್ಚು. ಅದನ್ನು ಓದುವುದು ಕಷ್ಟವಿಲ್ಲ, ಹೇಳುತ್ತೇನೆ.

ಹಳೇ ಮೈಸೂರಿನ ಟಿಪ್ಪಣಿಯಲ್ಲಿ ಅಳತೆಗಳು ಸರಪಳಿ ಮತ್ತು ಆಣೆಯಲ್ಲಿರುತ್ತವೆ. ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ, ಒಂದಾಣೆ 2 ಅಡಿ ಮುಕ್ಕಾಲು ಇಂಚು. ಚಿತ್ರದ ಆಕಾರ ನೋಡಿ ಮೋಸಹೋಗಬೇಡಿ, ಅದು ಕಣ್ಣಂದಾಜಿನಲ್ಲಿ ಬಿಡಿಸಿದ್ದು. ಬರೆದಿರುವ ಅಂಕಿಗಳೇ ಪ್ರಮಾಣ. ನಡುವೆ ಉದ್ದಕ್ಕೆ ಹೋಗುವುದು ಆಧಾರರೇಖೆ. ಅದರ ಮೇಲಿನ ಅಂಕಿಗಳು ಶುರುವಿನ ಕಲ್ಲಿನಿಂದ ಕೂಡುತ್ತಾ ಹೋದ ದೂರ, ಒಂದೊಂದು ತುಂಡಿನ ಉದ್ದ ಅಲ್ಲ. ಆ ರೇಖೆಯಿಂದ ಎಡಕ್ಕೂ ಬಲಕ್ಕೂ ಲಂಬವಾಗಿ ಹೊರಟ ಗೆರೆಗಳು ಮೂಲೆಗಳಿಗೆ ಇರುವ ದೂರ.

ಇಲ್ಲಿ ಒಂದು ಅನುಕೂಲವಿದೆ. 33 ಅಡಿ ಗುಣಿಸು 33 ಅಡಿ ಎಂದರೆ 1089 ಚದರ ಅಡಿ, ಅದೇ ಒಂದು ಗುಂಟೆ. ಅಂದರೆ ಸರಪಳಿಯನ್ನು ಸರಪಳಿಯಿಂದ ಗುಣಿಸಿದರೆ ನೇರವಾಗಿ ಗುಂಟೆ ಸಿಗುತ್ತದೆ, ಅಡಿಗೆ ಬದಲಾಯಿಸುವ ಅಗತ್ಯವೇ ಇಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ಆಧಾರರೇಖೆ 14 ಸರಪಳಿ. ಎಡಕ್ಕೆ 6ನೇ ಸರಪಳಿಯಲ್ಲಿ ಒಂದೇ ಮೂಲೆ, ದೂರ 5 ಸರಪಳಿ 8 ಆಣೆ. ಬಲಕ್ಕೆ 4ನೇ ಸರಪಳಿಯಲ್ಲಿ 4 ಸರಪಳಿ, 10ನೆಯದರಲ್ಲಿ 5 ಸರಪಳಿ. ಎಡಭಾಗ ಒಂದು ತ್ರಿಕೋನ: 14 × 5.5 ÷ 2 = 38.5. ಬಲಭಾಗದಲ್ಲಿ ಮೂರು ತುಂಡು. ಮೊದಲನೆಯದು ತ್ರಿಕೋನ, 4 × 4 ÷ 2 = 8. ನಡುವಿನದಕ್ಕೆ ಎರಡೂ ಲಂಬಗಳ ಸರಾಸರಿ 4.5, ಅಗಲ 10 ಕಳೆ 4, ಅಂದರೆ 6, ಗುಣಿಸಿದರೆ 27. ಕೊನೆಯ ತ್ರಿಕೋನ 4 × 5 ÷ 2 = 10. ಎಲ್ಲ ಸೇರಿ 83.5 ಗುಂಟೆ. 40 ಗುಂಟೆಗೆ ಒಂದು ಎಕರೆಯಂತೆ 2 ಎಕರೆ 3 ಗುಂಟೆ 8 ಆಣೆ. ಇದು ಆಕಾರ್‌ಬಂದಿನ ಒಟ್ಟು ವಿಸ್ತೀರ್ಣಕ್ಕೆ, ಅಂದರೆ ಖರಾಬೂ ಸೇರಿದ ಅಂಕಿಗೆ ಹತ್ತಿರ ಇರಬೇಕು.

ಗೊಂದಲ ಆಗುವ ಒಂದು ಜಾಗ: ಉದ್ದದ ಆಣೆ ಬೇರೆ, ವಿಸ್ತೀರ್ಣದ ಆಣೆ ಬೇರೆ. ವಿಸ್ತೀರ್ಣದಲ್ಲಿ ಆಣೆ ಎಂದರೆ ಗುಂಟೆಯ ಹದಿನಾರನೇ ಒಂದು ಪಾಲು, 68 ಚದರ ಅಡಿ ಚಿಲ್ಲರೆ. ಮತ್ತೆ, 5 ಸರಪಳಿ 8 ಆಣೆಯನ್ನು 5.8 ಎಂದು ಕ್ಯಾಲ್ಕುಲೇಟರಿಗೆ ಹಾಕಬೇಡಿ, ಅದು 5.5.

ಟಿಪ್ಪಣಿ ಇದ್ದರೆ ಸರ್ವೆಯರ್ ಬರುವ ಮುಂಚೆಯೇ ಅರ್ಧ ಪರೀಕ್ಷೆ ನೀವೇ ಮಾಡಬಹುದು. ಮೇಲಿನ ಉದಾಹರಣೆಯಲ್ಲಿ ಆಧಾರರೇಖೆಯ ಎರಡು ತುದಿಗೂ ಬಾಂದು ಕಲ್ಲು (ಗಡಿಕಲ್ಲು) ಇರಬೇಕು, ನಡುವಿನ ದೂರ 14 × 33 = 462 ಅಡಿ. 100 ಅಡಿಯ ಟೇಪ್ ಹಿಡಿದು ಅಳೆಯಿರಿ. 460ರಿಂದ 465ರ ಆಸುಪಾಸು ಬಂದರೆ ಕಲ್ಲುಗಳು ಜಾಗ ಬಿಟ್ಟಿಲ್ಲ ಎಂದು ಮುಂದುವರಿಯಬಹುದು. 440 ಬಂದರೆ ಯಾವುದೋ ಒಂದು ಕಲ್ಲು ಕದಲಿದೆ, ಅಥವಾ ನೀವು ಹಿಡಿದದ್ದು ಬೇರೆ ಕಲ್ಲು. ಟೇಪನ್ನು ನೆಲಕ್ಕೆ ಸಮವಾಗಿ ಅಲ್ಲ, ಮಟ್ಟವಾಗಿ ಹಿಡಿಯಬೇಕು. 10 ಡಿಗ್ರಿ ಇಳಿಜಾರಿನ ಹೊಲದಲ್ಲಿ ನೆಲಕ್ಕೆ ಹಾಸಿ ಅಳೆದರೆ 462 ಅಡಿ 469 ಆಗಿ ಕಾಣುತ್ತದೆ. ಇಳಿಜಾರಿನಲ್ಲಿ ಸಣ್ಣ ಸಣ್ಣ ತುಂಡಾಗಿ, ಕೆಳಗಿನವರು ಟೇಪನ್ನು ಎತ್ತಿ ಹಿಡಿದು ತೂಗುಗುಂಡು ಬಿಟ್ಟು ಅಳೆಯುವುದು ಸರಿ.

ಇನ್ನೊಂದು ಮಾತು. ಅಕ್ಕಪಕ್ಕದ ಸರ್ವೆ ನಂಬರುಗಳ ಟಿಪ್ಪಣಿಯನ್ನೂ ತೆಗೆಸಿ, ಖರ್ಚು ಹೆಚ್ಚಿಲ್ಲ. ಎರಡು ನಂಬರಿಗೂ ಸೇರಿದ ಗಡಿಯ ಉದ್ದ ಎರಡು ಟಿಪ್ಪಣಿಯಿಂದ ಲೆಕ್ಕ ಹಾಕಿದರೂ ಹತ್ತಿರ ಹತ್ತಿರ ಒಂದೇ ಬರಬೇಕು. ಮೂರು ನಂಬರ್ ಕೂಡುವ ಮೂಲೆಯ ಕಲ್ಲು ಮೂರೂ ಟಿಪ್ಪಣಿಯಿಂದ ಪತ್ತೆಯಾಗುತ್ತದೆ, ಅದಕ್ಕೇ ಅಂಥ ಕಲ್ಲನ್ನು ಹೆಚ್ಚು ನಂಬಬಹುದು.

ಹೊಸಹೊಲ

ಇಬ್ಬರಿಗೂ ಧನ್ಯವಾದ. ಗ್ರಾಮ ನಕ್ಷೆ ಸಿಕ್ಕಿತು. 47ರ ಉತ್ತರದ ಅಂಚಿನಲ್ಲಿ ಜೋಡಿ ಚುಕ್ಕೆಗೆರೆ ಇದೆ, ಸ್ಥಳದಲ್ಲಿ ಅಲ್ಲಿ ದಾರಿ ಕಾಣುವುದಿಲ್ಲ, ಬೇಲಿ ಇದೆ. ಟಿಪ್ಪಣಿಗೆ ಅರ್ಜಿ ಕೊಟ್ಟಾಗಿದೆ.

ಮಾರುವವರು ಈಗ ಬೇರೆ ಮಾತು ಹೇಳುತ್ತಿದ್ದಾರೆ. 11ಇಗೆ ತಡವಾಗುತ್ತದೆ, ಈಗ ಪೂರ್ತಿ ದುಡ್ಡು ಕೊಟ್ಟು ಕರಾರು ಮತ್ತು ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾಡಿಕೊಳ್ಳಿ, ಪೋಡಿ ಆದಮೇಲೆ ಕ್ರಯಪತ್ರ ಎಂದು. ಹಾಗೆ ಮಾಡಬಹುದೇ? ಅರ್ಜಿಯನ್ನು ನಾವೇ ಹಾಕಬಹುದೇ?

ಕಡತ ಶೋಧ

ಹಾಗೆ ಮಾಡಬೇಡಿ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ದುಡ್ಡು ಪೂರ್ತಿ ಕೈಸೇರಿದ ಮೇಲೆ 11ಇ ಮಾಡಿಸಿಕೊಡುವ ಆತುರ ಅವರಿಗೆ ಉಳಿಯುವುದೂ ಇಲ್ಲ.

ನೀವು ಕೇಳಿದ ಮೂರು ಹೆಸರುಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ಹದ್ದುಬಸ್ತು ಎಂದರೆ ಈಗಾಗಲೇ ದಾಖಲೆಯಲ್ಲಿರುವ ಗಡಿಯನ್ನು ಸ್ಥಳದಲ್ಲಿ ಗುರುತಿಸಿ ತೋರಿಸುವುದು. ಹೊಸ ಗಡಿ ಹುಟ್ಟುವುದಿಲ್ಲ. 47/2ರ ಹೊರಗಡಿಗೆ ಹದ್ದುಬಸ್ತು ಮಾಡಿಸಬಹುದು. ಒಳಗಿನ 1-10ಕ್ಕೆ ದಾಖಲೆಯಲ್ಲಿ ಗಡಿಯೇ ಇಲ್ಲದಿರುವುದರಿಂದ ಅದಕ್ಕೆ ಮಾಡಿಸಲು ಬರುವುದಿಲ್ಲ. ಪೋಡಿ ಎಂದರೆ ಒಂದು ನಂಬರನ್ನು ಒಡೆದು ಪ್ರತಿಯೊಬ್ಬರಿಗೂ ಹಿಸ್ಸಾ ನಂಬರ್, ನಕ್ಷೆ, ಪಹಣಿ ಪ್ರತ್ಯೇಕ ಮಾಡುವುದು. 11ಇ ಎಂದರೆ ಭಾಗವನ್ನು ಮಾರುವ, ದಾನ ಮಾಡುವ, ಪಾಲು ಮಾಡಿಕೊಳ್ಳುವ ಮುಂಚೆ ಮಾಡಿಸುವ ನಕ್ಷೆ. ಕೃಷಿ ಜಮೀನಿನ ಒಂದು ಭಾಗದ ಕ್ರಯಕ್ಕೆ ಇದು ಕಡ್ಡಾಯ. ನಂಬರ್ ಪೂರ್ತಿಯಾಗಿ ಮಾರಿದರೆ ಬೇಡ. ನಿಮ್ಮ ವಿಷಯದಲ್ಲಿ ಬೇಕಾದ್ದು 11ಇ, ಅದಕ್ಕೆ ಮುಂಚೆ ಸಾಧ್ಯವಾದರೆ ಹೊರಗಡಿಯ ಹದ್ದುಬಸ್ತು.

ಅರ್ಜಿ ಹಾಕಬೇಕಾದವರು ಖಾತೆದಾರರು, ಕೊಳ್ಳುವವರಲ್ಲ. ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ, ನಾಡಕಚೇರಿಯಲ್ಲಿ ಅಥವಾ ಆನ್‌ಲೈನಿನಲ್ಲಿ ಹಾಕಬಹುದು. ಅರ್ಜಿ ಸಂಖ್ಯೆ ಕೇಳಿ ಇಟ್ಟುಕೊಳ್ಳಿ, ಯಾವ ಹಂತದಲ್ಲಿದೆ ಎಂದು ನೀವೇ ನೋಡಬಹುದು. ಸರ್ಕಾರಿ ಅಥವಾ ಪರವಾನಗಿ ಪಡೆದ ಭೂಮಾಪಕರಿಗೆ ಹಂಚಿಕೆ ಆಗುತ್ತದೆ, ಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಸ್ಥಳದಲ್ಲಿ ಅಳತೆ ಆಗುತ್ತದೆ, ನಕ್ಷೆ ಕಚೇರಿಯಲ್ಲಿ ತಪಾಸಣೆಯಾಗಿ ಅನುಮೋದನೆ ಪಡೆಯುತ್ತದೆ. ಖಾಸಗಿಯಾಗಿ ಅಳೆಸಿದ ನಕ್ಷೆಗೂ ಇದಕ್ಕೂ ಇರುವ ಅಂತರ ಈ ಅನುಮೋದನೆಯೇ. ಅದೇ ಸರ್ವೆಯರ್, ಅದೇ ಯಂತ್ರ ಆದರೂ, ಅರ್ಜಿ ಇಲ್ಲದೆ ಮಾಡಿಕೊಟ್ಟ ಕಾಗದವನ್ನು ಸಬ್ ರಿಜಿಸ್ಟ್ರಾರ್ ಕಚೇರಿ 11ಇ ಎಂದು ಒಪ್ಪುವುದಿಲ್ಲ. ಆದರೂ ಖಾಸಗಿ ಅಳತೆ ವ್ಯರ್ಥವಲ್ಲ. ಮಾತುಕತೆಯ ಹಂತದಲ್ಲೇ 47/2 ಪೂರ್ತಿ ಅಳೆಸಿದರೆ ಮುಂದುವರಿಯಬೇಕೋ ಬೇಡವೋ ಎಂಬುದು ಬೇಗ ಗೊತ್ತಾಗುತ್ತದೆ.

ಮೂವರ ವಿಸ್ತೀರ್ಣ ಪಹಣಿಯಲ್ಲಿ ಬೇರೆ ಬೇರೆ ನಮೂದಾಗಿರುವುದು ನಿಮಗೆ ಅನುಕೂಲ. ಆದರೆ ಯಾರದು ಯಾವ ದಿಕ್ಕಿನಲ್ಲಿ ಎಂಬುದು ಪಹಣಿಯಲ್ಲಿಲ್ಲ. ವಿಭಾಗ ಪತ್ರ ಇದ್ದರೆ ಅದರ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಯ ವಿವರ) ನೋಡಿ: ಎರಡನೆಯವರ ಪಾಲು ನಡುವಿನದ್ದು ಎಂದು ಅಲ್ಲಿ ಇದೆಯೇ, ಅಥವಾ ದಕ್ಷಿಣದ್ದು ಎಂದಿದ್ದು ಸ್ಥಳದಲ್ಲಿ ಅದಲುಬದಲು ಮಾಡಿಕೊಂಡಿದ್ದಾರೆಯೇ? ಪತ್ರದಲ್ಲಿ ಒಂದು, ಸ್ವಾಧೀನದಲ್ಲಿ ಇನ್ನೊಂದು ಇದ್ದಾಗ ಅಳತೆಯ ದಿನ ತಕರಾರು ಬಂದು ಅರ್ಜಿ ನಿಂತುಹೋಗುತ್ತದೆ. ಪತ್ರವೇ ಇಲ್ಲದೆ ಪೌತಿ ಖಾತೆ ಮಾತ್ರ ಆಗಿದ್ದರೆ ಮೊದಲು ಮೂವರೂ ನೋಂದಾಯಿತ ವಿಭಾಗ ಮಾಡಿಕೊಳ್ಳಲಿ. ತಂದೆಯ ಆಸ್ತಿ ಆಗಿದ್ದರೆ ಹೆಣ್ಣುಮಕ್ಕಳ ಹಕ್ಕೂ ಅಲ್ಲೇ ಇತ್ಯರ್ಥ ಆಗಬೇಕು. ಎಂಥ ಅಚ್ಚುಕಟ್ಟಾದ ನಕ್ಷೆಯೂ ಆ ದೋಷವನ್ನು ಮುಚ್ಚುವುದಿಲ್ಲ.

ಬಂಡಿದಾರಿಯ ವಿಷಯ ಈಗ ಹೆಚ್ಚುಕಡಿಮೆ ಖಚಿತವಾದಂತೆ ಕಾಣುತ್ತದೆ. 11ಇ ಅಳತೆಯಲ್ಲಿ ಬಿ ಖರಾಬನ್ನು ಬೇರೆಯಾಗಿ ತೋರಿಸಲು ಒತ್ತಾಯಿಸಿ. ಕರಾರಿನಲ್ಲಿ ಬರೆಸಬೇಕಾದ್ದು: ದರ ಗುಂಟೆಗೆ ಇಂತಿಷ್ಟು, ವಿಸ್ತೀರ್ಣ ಎಂದರೆ 11ಇ ನಕ್ಷೆಯಲ್ಲಿ ಬಿ ಖರಾಬು ಕಳೆದು ಬಂದದ್ದು, 1-10ಕ್ಕಿಂತ ಕಡಿಮೆ ಬಂದರೆ ಅದೇ ದರದಲ್ಲಿ ಕಡಿತ, ನಿಗದಿತ ದಿನದೊಳಗೆ 11ಇ ಬರದಿದ್ದರೆ ಮುಂಗಡ ವಾಪಸ್. 1-10ಕ್ಕಿಂತ ಹೆಚ್ಚು ಕೊಳ್ಳುವ ಮಾತೇ ಇಲ್ಲ, ಅವರ ಹೆಸರಿಗೆ ಇರುವುದೇ ಅಷ್ಟು.

ಕ್ರಯಪತ್ರದ ಷೆಡ್ಯೂಲಿನಲ್ಲಿ "ಪೂರ್ವಕ್ಕೆ ಇಂಥವರ ಜಮೀನು" ಎಂದು ಮಾತ್ರ ಬರೆದು ಬಿಡಬೇಡಿ. 11ಇ ನಕ್ಷೆಯ ಸಂಖ್ಯೆ, ಪ್ರತಿ ಬದಿಯ ಉದ್ದ, ಯಾವ ಮೂಲೆಯಲ್ಲಿ ಕಲ್ಲಿದೆ ಎಂಬುದೂ ಸೇರಲಿ, ನಕ್ಷೆಯನ್ನು ಪತ್ರದ ಭಾಗವಾಗಿಸಿ. ಚಕ್ಕುಬಂದಿಗೂ ವಿಸ್ತೀರ್ಣಕ್ಕೂ ತಾಳೆ ಇಲ್ಲದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೆ ಹೆಚ್ಚು ಬೆಲೆ ಕೊಡುತ್ತವೆ, ಹಾಗಾಗಿ ಆ ನಾಲ್ಕು ಸಾಲು ಬಹಳ ಮುಖ್ಯ. ನೋಂದಣಿ ಆದಮೇಲೆ ಮಾಹಿತಿ ನೋಂದಣಿಯ ಕಾವೇರಿ ತಂತ್ರಾಂಶದಿಂದ ಪಹಣಿಯ ಭೂಮಿ ತಂತ್ರಾಂಶಕ್ಕೆ ಹೋಗಿ ಮ್ಯುಟೇಶನ್ ಶುರುವಾಗುತ್ತದೆ. ಹೊಸ ನಂಬರಿನ ಪಹಣಿ ಬಂದಮೇಲೆ ಅದರ ಕಾಲಂ 3, 9, 11 ಮೂರನ್ನೂ ಮತ್ತೆ ಓದಿ. ಹಳೆಯ ಬ್ಯಾಂಕ್ ಸಾಲದ ನಮೂದು ಕಾಲಂ 11ರಲ್ಲಿ ಹಾಗೇ ಹಿಂಬಾಲಿಸಿ ಬಂದಿರುವುದುಂಟು.

ತೆಂಕಣ ಸೆಂಟ್ಸ್

ಈ ಎಳೆ ಓದುವ ದಕ್ಷಿಣ ಕನ್ನಡ, ಉಡುಪಿಯವರಿಗೆ ಒಂದು ಎಚ್ಚರಿಕೆ. ಮೇಲಿನ ಗುಂಟೆ ಲೆಕ್ಕ ನಮ್ಮಲ್ಲಿ ಹೊಂದುವುದಿಲ್ಲ. ಇಲ್ಲಿ ವಿಸ್ತೀರ್ಣ ಎಕರೆ ಮತ್ತು ಸೆಂಟ್ಸ್‌ನಲ್ಲಿ. ಎಕರೆಗೆ 100 ಸೆಂಟ್ಸ್, ಒಂದು ಸೆಂಟ್ಸ್ 435.6 ಚದರ ಅಡಿ, ಒಂದು ಗುಂಟೆ ಎಂದರೆ ಎರಡೂವರೆ ಸೆಂಟ್ಸ್. ಘಟ್ಟದ ಮೇಲಿನ ಪಹಣಿಯಲ್ಲಿ 2-20 ಎಂದರೆ ಎರಡೂವರೆ ಎಕರೆ. ಕರಾವಳಿಯ ಪಹಣಿಯಲ್ಲಿ 2.20 ಎಂದರೆ 2 ಎಕರೆ 20 ಸೆಂಟ್ಸ್. ಎರಡರ ನಡುವೆ 30 ಸೆಂಟ್ಸ್, ಅಂದರೆ 12 ಗುಂಟೆ ವ್ಯತ್ಯಾಸ. ಬೇರೆ ಜಿಲ್ಲೆಯಿಂದ ಬಂದು ಕೊಳ್ಳುವವರು ಇಲ್ಲೇ ಎಡವುತ್ತಾರೆ. ಸರ್ವೆಯೂ ಮದರಾಸು ಪದ್ಧತಿಯದ್ದು, ಹಾಗಾಗಿ ನಕ್ಷೆಯ ಅಂಕಿಗಳನ್ನು 33 ಅಡಿಯ ಸರಪಳಿ ಎಂದುಕೊಂಡು ಲೆಕ್ಕ ಹಾಕಬೇಡಿ, ಮೊದಲು ಯಾವ ಮಾನ ಎಂದು ಸರ್ವೆ ಆಫೀಸಿನಲ್ಲಿ ಕೇಳಿಕೊಳ್ಳಿ.

ದರಖಾಸ್ತು

47/2 ಎಂದಿರುವುದರಿಂದ ನಿಮ್ಮದು ಹಿಸ್ಸಾ ಆದ ನಂಬರ್, ಅಷ್ಟರಮಟ್ಟಿಗೆ ನೆಮ್ಮದಿ. ಪಹಣಿಯಲ್ಲಿ 47/ಪಿ3 ಎಂಬಂತೆ ಪಿ ನಂಬರ್ ಇದ್ದರೆ ಕಥೆ ಬೇರೆ. ಪಿ ಎಂದರೆ ಪೈಕಿ. ಹೆಚ್ಚಾಗಿ ಗೋಮಾಳ ಅಥವಾ ಸರ್ಕಾರಿ ಜಮೀನಿನಲ್ಲಿ ಮಂಜೂರಾಗಿ, ದುರಸ್ತಿ (ಅಳೆದು ಪ್ರತ್ಯೇಕ ನಂಬರ್ ಕೊಡುವುದು) ಆಗದೆ ಉಳಿದದ್ದು. ಮಂಜೂರಾತಿ ಪತ್ರಗಳ ವಿಸ್ತೀರ್ಣ ಕೂಡಿಸಿದರೆ ಮೂಲ ಸರ್ವೆ ನಂಬರಿನಲ್ಲಿ ಇರುವುದಕ್ಕಿಂತ ಹೆಚ್ಚಾಗುವುದೂ ಇದೆ. ಆಗ ದುರಸ್ತಿಯೇ ಆಗುವುದಿಲ್ಲ, ಆದರೂ ಕೈಯಲ್ಲಿ ಪಹಣಿ ಇರುತ್ತದೆ. ಪಿ ನಂಬರ್ ಕೊಳ್ಳುವ ಮುಂಚೆ ಆ ಸರ್ವೆ ನಂಬರಿನ ಎಲ್ಲ ಪಿ ಪಹಣಿಗಳನ್ನೂ ತೆಗೆದು ಕೂಡಿಸಿ, ಆಕಾರ್‌ಬಂದಿಗೆ ಹೋಲಿಸಿ.

ಮೂಲ ಮಂಜೂರಾತಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಆಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಎಷ್ಟು ಕೈ ಬದಲಾಗಿದ್ದರೂ ಆ ಷರತ್ತು ಭೂಮಿಯನ್ನು ಬಿಡುವುದಿಲ್ಲ. ನಿಮ್ಮ 47ಕ್ಕೂ ಮೂಲ ಯಾವುದು ಎಂದು ಒಮ್ಮೆ ಹಳೆಯ ಎಂ.ಆರ್. ತಿರುವಿಹಾಕಿ ನೋಡಿ.

ಬಾಂದುಕಲ್ಲು

ಅಳತೆಯ ದಿನದ ಬಗ್ಗೆ ಯಾರೂ ಬರೆದಿಲ್ಲ, ಸೇರಿಸುತ್ತೇನೆ. ಕೆಲಸ ಕೆಡುವುದು ಹೆಚ್ಚಾಗಿ ಅವತ್ತೇ.

ಮುಂಗಾರಿನ ಬೆಳೆ ಎದ್ದು ನಿಂತ ಮೇಲೆ ದಿನ ಹಾಕಿಸಿಕೊಳ್ಳಬೇಡಿ. ಕಟಾವಾದ ಹೊಲದಲ್ಲಿ ಕಲ್ಲು ಹುಡುಕುವುದು ಸುಲಭ. ಹಿಂದಿನ ದಿನವೇ ಮೂಲೆಗಳಲ್ಲಿ, ಬದುಗಳ ಮೇಲೆ ಲಂಟಾನ, ಪೊದೆ ಕಡಿಸಿ. ಬಾಂದು ಕಲ್ಲು ಮಣ್ಣಿನಲ್ಲಿ ಹೂತಿರಬಹುದು, ಹಾರೆ ಗುದ್ದಲಿ ಇರಲಿ. ಹೊಸ ಮೂಲೆಗಳಿಗೆ ಉದ್ದನೆಯ ಕೂಚುಗಲ್ಲು ತರಿಸಿಡಿ, ಅರ್ಧಕ್ಕಿಂತ ಹೆಚ್ಚು ನೆಲದೊಳಗೆ ಹೋಗುವಂತೆ. ಗೂಟ ನೆಟ್ಟು ಸುಣ್ಣ ಎಳೆದು "ಆಮೇಲೆ ಕಲ್ಲು ಹಾಕೋಣ" ಎಂದರೆ ಮೊದಲ ಉಳುಮೆಗೇ ಗುರುತು ಹೋಗುತ್ತದೆ.

ಮಾರುವವರ ಅಣ್ಣತಮ್ಮಂದಿರು ಮತ್ತು ಉತ್ತರದ ಕಡೆಯ ಜಮೀನಿನವರು ಕಡ್ಡಾಯವಾಗಿ ಇರುವಂತೆ ನೋಡಿಕೊಳ್ಳಿ, ಅವರ ಸಹಿ ಆಗಲಿ. ನೋಟಿಸ್ ತಲುಪದವರು ಆಮೇಲೆ ಬಂದು ತಕರಾರು ಎತ್ತಿದರೆ ಅಳತೆ ಮತ್ತೆ ಮೊದಲಿನಿಂದ.

ಸರ್ವೆಯರ್ ಅಳತೆಯನ್ನು ಎಲ್ಲಿಂದ ಶುರುಮಾಡುತ್ತಾರೆ ಎಂಬುದನ್ನು ಕಣ್ಣಿಟ್ಟು ನೋಡಿ. ಬೇಲಿಯ ಮೂಲೆಯಿಂದ ಶುರುವಾದರೆ ಬೇಲಿಯ ತಪ್ಪೇ ನಕ್ಷೆಗೆ ಇಳಿಯುತ್ತದೆ. ದಾಖಲೆಯಲ್ಲಿರುವ ಕಲ್ಲುಗಳಿಂದ ಶುರುವಾಗಬೇಕು, ಕನಿಷ್ಠ ಮೂರು ಕಲ್ಲುಗಳ ನಡುವಿನ ದೂರ ಟಿಪ್ಪಣಿಗೆ ತಾಳೆಯಾದ ಮೇಲೆ. ಎರಡೇ ಕಲ್ಲು ಹಿಡಿದರೆ, ಎರಡೂ ಒಂದೇ ಕಡೆಗೆ ಅಷ್ಟೇ ಸರಿದಿದ್ದರೂ ದೂರ ಸರಿಯಾಗೇ ಕಾಣುತ್ತದೆ. ಮೂರನೆಯ ಕಲ್ಲು, ಆಗುವುದಾದರೆ ಪಕ್ಕದ ನಂಬರಿನದ್ದು, ಆ ಅನುಮಾನ ತೆಗೆಯುತ್ತದೆ. ಇಟಿಎಸ್ (ಎಲೆಕ್ಟ್ರಾನಿಕ್ ಟೋಟಲ್ ಸ್ಟೇಷನ್) ಯಂತ್ರವೋ ಉಪಗ್ರಹ ಸಂಕೇತದಿಂದ ಅಳೆಯುವ ರೋವರೋ ಇದ್ದಮಾತ್ರಕ್ಕೆ ಇದು ತಪ್ಪುವುದಿಲ್ಲ. ಯಂತ್ರ ಬಿಂದುಗಳನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತದೆ, ಯಾವ ಬಿಂದು ಗಡಿ ಎಂದು ಅದಕ್ಕೆ ತಿಳಿಯದು.

ಉತ್ತರದ ಬಂಡಿದಾರಿ ನಿಜವಾಗಿ ಬೇಲಿಯೊಳಗೆ ಬಂದಿದ್ದರೆ ಬೇಲಿಯನ್ನು ಮಾರುವವರೇ ಹಿಂದಕ್ಕೆ ಸರಿಸಲಿ, ಅದು ಆದಮೇಲೆ ನೋಂದಣಿ. ಕೊಂಡಮೇಲೆ ತಹಶೀಲ್ದಾರರ ಒತ್ತುವರಿ ತೆರವಿನ ನೋಟಿಸ್ ನಿಮ್ಮ ಹೆಸರಿಗೆ ಬರುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಪಕ್ಕದವರು ನಿಮ್ಮ ಕಡೆ ಒತ್ತಿದ್ದು ಅಳತೆಯಲ್ಲಿ ಕಂಡರೆ, ಸರ್ವೆಯರ್ ಅದನ್ನು ನಕ್ಷೆಯಲ್ಲಿ ತೋರಿಸಬಲ್ಲರು ಅಷ್ಟೇ. ತೆರವು ಮಾಡಿಸಲು ಸಿವಿಲ್ ಕೋರ್ಟಿಗೇ ಹೋಗಬೇಕು, ಅಂಥ ಭಾಗಕ್ಕೆ ದುಡ್ಡು ಕೊಡುವ ಮುಂಚೆ ಯೋಚಿಸಿ.

ಕೊನೆಯದಾಗಿ ದಾರಿ. ಆ ಬಂಡಿದಾರಿ ನಿಮಗೆ ತೊಂದರೆ ಎನ್ನುವುದಕ್ಕಿಂತ ಅನುಕೂಲವೇ ಇರಬಹುದು. ನಡುವಿನ ಪಾಲಿಗೆ ಈಗ ರಸ್ತೆಯಿಂದ ಓಡಾಟ ಹೇಗೆ ನಡೆಯುತ್ತಿದೆ? ಅಣ್ಣನ ಹೊಲದ ಬದುವಿನ ಮೇಲಾದರೆ ಅದು ಅವರ ಮರ್ಜಿ. ಅಂಥ ದಾರಿಯ ಹಕ್ಕು ಬೇಕಾದರೆ ಎಷ್ಟು ಅಡಿ ಅಗಲ, ಯಾವ ಅಂಚಿನಲ್ಲಿ ಎಂದು ಅಣ್ಣನೂ ಸಹಿ ಹಾಕಿದ ನೋಂದಾಯಿತ ಪತ್ರ ಬೇಕು. 1882ರ ಈಸ್‌ಮೆಂಟ್ ಕಾಯ್ದೆಯಡಿ ರೂಢಿಯ ಹಕ್ಕು ಸಾಧಿಸಲು 20 ವರ್ಷದ ಅಡೆತಡೆಯಿಲ್ಲದ ಬಳಕೆಯನ್ನು ಸಾಬೀತುಪಡಿಸಬೇಕು. ಗ್ರಾಮ ನಕ್ಷೆಯಲ್ಲಿರುವ ಬಂಡಿದಾರಿ ಸಾರ್ವಜನಿಕರದ್ದು, ಯಾರನ್ನೂ ಕೇಳಬೇಕಿಲ್ಲ. 47ರ ಉತ್ತರದ ಆ ಜೋಡಿ ಚುಕ್ಕೆಗೆರೆ ನಕ್ಷೆಯಲ್ಲಿ ಯಾವ ರಸ್ತೆಗೆ ಹೋಗಿ ಸೇರುತ್ತದೆ, ನಡುವೆ ಬೇರೆಯವರೂ ಮುಚ್ಚಿದ್ದಾರೆಯೇ ಎಂದು ಗ್ರಾಮ ನಕ್ಷೆ ಕೈಯಲ್ಲಿ ಹಿಡಿದು ಪೂರ್ತಿ ನಡೆದು ನೋಡಿ.